ಒಳಗೆ ಬಿಟ್ಟ ಬಟ್ಟೆ

ಹೊಲಿಗೆಯಂಗಡಿಯೊಂದರ ಅಗಲ ಒಂಬತ್ತಡಿಯೋ ಹತ್ತಡಿಯೋ ಎಂಬುದು ಹಗುರವಾಗಿ ಕೈಬಿಡುವಂಥ ಪ್ರಶ್ನೆಯಲ್ಲ. ಅದರ ಇತ್ಯರ್ಥಕ್ಕಾಗಿ ಬ್ಯಾಂಕು ತನ್ನ ಅಧಿಕಾರಿಯೊಬ್ಬರನ್ನೇ ಕಳಿಸಿತ್ತು. ಅವರು ಟೇಪು ಮರೆತು ಬಂದಿದ್ದರಿಂದ, ದರ್ಜಿಯ ಕೊರಳಲ್ಲಿದ್ದುದನ್ನೇ ಕೇಳಿ ಪಡೆದು, ಗೋಡೆಯಿಂದ ಗೋಡೆಗೆ ಎರಡು ಸಲ ಹಿಡಿದು ಅಳೆದರು.

"ಒಂಬತ್ತು. ಅರ್ಜೀಲಿ ಹತ್ತು ಅಂತ ಬರ್ದಿದೀರ."

"ಒಂದಡಿ ಬಿಟ್ಟಿದೀನಿ ಸಾರ್," ಎಂದಳು ದರ್ಜಿ.

"ಬಿಟ್ಟಿದೀನಿ ಅಂದ್ರೆ?"

ಅಂದರೆ ಬಿಟ್ಟಿದ್ದಳು. ಯಾವುದನ್ನೂ ಇದ್ದಷ್ಟೇ ಅಳತೆಗೆ ಕತ್ತರಿಸಬಾರದು, ಮುಂದೆ ಮೈ ಬಂದರೆ ಬಿಚ್ಚಿ ಸಡಿಲಿಸಲು ಒಳಗೆ ಒಂದಿಷ್ಟು ಬಟ್ಟೆ ಬಿಡಬೇಕು ಎಂಬುದು ಅವಳ ಕೈಗೆ ಅಂಟಿದ ಅಭ್ಯಾಸ. ಅರ್ಜಿ ತುಂಬಿದ್ದೂ ಅದೇ ಕೈ. ಹಾಗಾಗಿ ಅಂಗಡಿ ಅಗಲವಾಗಿತ್ತು, ವಯಸ್ಸು ಎರಡು ವರ್ಷ ಹೆಚ್ಚಾಗಿತ್ತು, ಬಟ್ಟೆಯಂಚು ಕಟ್ಟುವ ಓವರ್‌ಲಾಕ್ ಯಂತ್ರಕ್ಕೆಂದು ಕೇಳಿದ ಸಾಲ ಯಂತ್ರದ ಬೆಲೆಗಿಂತ ಒಂದು ಕೈ ಮೇಲಿತ್ತು. ಆ ಯಂತ್ರ ತಿಂಗಳೊಳಗೆ ಬರದಿದ್ದರೆ ಶಾಲೆಯ ಸಮವಸ್ತ್ರದ ಕೆಲಸ ಎದುರಂಗಡಿಯ ಪಾಲು. ಎದುರಂಗಡಿಯವನು ಆಗಲೇ ತನ್ನ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ.

"ವಯಸ್ಸು ಜಾಸ್ತಿ ಹೇಳೋ ಹೆಂಗಸನ್ನ ನನ್ನ ಸರ್ವೀಸಲ್ಲೇ ನೋಡಿಲ್ಲಮ್ಮ," ಎಂದರು ಅಧಿಕಾರಿ. "ಎಲ್ಲ ಸರಿಮಾಡಿ. ಇಲ್ದಿದ್ರೆ ಅರ್ಜಿ ವಾಪಸ್."

ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ ಅತ್ತಿಗೆಗೆ ಸುಮ್ಮನಿರಲಾಗಲಿಲ್ಲ. ಜಾಮೀನಿಗೆ ಸಹಿ ಹಾಕಿದವಳು ಅವಳೇ.

"ಸಾರ್, ನೀವು ಹಾಕ್ಕೊಂಡಿರೋ ಪ್ಯಾಂಟು ಇವಳೇ ಹೊಲಿದದ್ದು. ಎರಡು ಸಲ ಸೊಂಟ ಬಿಚ್ಚಿದೀವಿ. ಅವತ್ತು ಬಿಟ್ಟಿದ್ದಕ್ಕೆ ಇವತ್ತು ನಿಮಗೆ ಕೂತ್ಕೊಳ್ಳೋಕಾಗ್ತಿದೆ."

ಅಧಿಕಾರಿ ಅಂಗಿಯನ್ನು ಕೆಳಗೆಳೆದುಕೊಂಡರು. "ಪ್ಯಾಂಟು ಬೇರೆ, ಬ್ಯಾಂಕು ಬೇರೆ."

"ಅತ್ತಿಗೆ, ನಿಮ್ಮ ಬಾಯಿಗೂ ಒಂದು ಗುಂಡಿ ಹಾಕ್ಕೊಳ್ಳಿ," ಎಂದು ದರ್ಜಿ ಪೆನ್ನು ಹುಡುಕಿದಳು.

ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಪೂರ್ತಿ ಸಹಿ. ಇದು ಬ್ಯಾಂಕಿನ ಕ್ರಮ. ಕತ್ತರಿಸುವ ಮೇಜಿನ ಮೇಲೆ ಅರ್ಜಿ ಹಾಸಿಕೊಂಡು ಅವಳು ಅಂಗಡಿಯನ್ನು ಕಿರಿದು ಮಾಡಿದಳು, ವಯಸ್ಸು ಇಳಿಸಿಕೊಂಡಳು. ಸಾಲದ ಮೊತ್ತಕ್ಕೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಒಂಚೂರಾದ್ರೂ ಬಿಡ್ಲಾ ಸಾರ್?"

"ಕೊಟೇಶನ್ನಲ್ಲಿ ಇರೋಷ್ಟೇ. ಚಿಕ್ಕಾಸೂ ಜಾಸ್ತಿ ಬೇಡ."

ಬೆಳೆಯುವ ಮಗುವಿಗೆ ಮೈಗಂಟುವ ಅಂಗಿ ಹೊಲಿದುಕೊಡುವವಳ ಮುಖ ಮಾಡಿಕೊಂಡು ಅವಳು ಅದನ್ನೂ ಕತ್ತರಿಸಿದಳು. ಅಧಿಕಾರಿ ಕಾಗದ ಮಡಚಿ ಚೀಲಕ್ಕೆ ಹಾಕಿ, ಟೇಪು ಹಿಂದಿರುಗಿಸಿ, ಹೊಸ್ತಿಲು ದಾಟುವ ಮುಂಚೆ ದನಿ ತಗ್ಗಿಸಿದರು.

"ಪ್ಯಾಂಟಲ್ಲಿ ಇನ್ನೂ ಏನಾದ್ರೂ ಉಳಿದಿದ್ಯಾ?"

"ಒಂದಿಂಚು ಇದೆ ಸಾರ್."

ಸಾಲ ಮಂಜೂರಾಯಿತು. ಯಂತ್ರ ಬಂತು. ಮೋಟಾರಿಗೆ ಬೇರೆ ಬೆಲೆ ಎಂದು ತಂದವನು ಆಗ ಹೇಳಿದ. ಮನೆಖರ್ಚಿನಲ್ಲಿ ಗಂಡನಿಗೆ ತಿಳಿಯದಂತೆ ಒಳಗೆ ಬಿಟ್ಟುಕೊಂಡಿದ್ದ ಹಣವನ್ನು ಅತ್ತಿಗೆ ತೆಗೆದುಕೊಟ್ಟಳು. ಸಮವಸ್ತ್ರದ ಕೆಲಸ ಎದುರಂಗಡಿಗೆ ಹೋಗಲಿಲ್ಲ.