ಬಜಾರಿ ಅಂದ್ರ ಏನ್ ಮಾಡಿದ್ಲು?

ಇಚಲಕರಂಜಿಯ ನಮ್ಮ ಸಾಲುಮನೆಗಳ ಚಾಳಿಗೆ ಒಂದು ರವಿವಾರ ಜಯಸಿಂಗಪುರದಿಂದ ಇಂದುಬಾಯಿ ಎಂಬ ಮುದುಕಿ ಬಂದಳು. ಎದುರುಮನೆಯ ಶೈಲಾಳನ್ನು ಮೊಮ್ಮಗ ನಿವೃತ್ತಿಗೆ ತಂದುಕೊಳ್ಳುವ ಮನಸ್ಸು ಆಕೆಗೆ. ಹುಡುಗಿಯ ಮನೆಗೆ ಕಾಲಿಡುವ ಮುಂಚೆ ನೆರೆಹೊರೆಯಲ್ಲಿ ವಿಚಾರಿಸೋಣವೆಂದು ನಮ್ಮ ಕಟ್ಟೆಯ ಮೇಲೆ ಕುಳಿತಳು.

“ಭಾಳ ಸಾಧು ಹುಡುಗಿ, ಆಜಿ,” ಎಂದೆ. ತಾಯಿಯಿಲ್ಲದ ಹುಡುಗಿ, ಬಾಯಿ ಜೋರೆಂದು ಈಗಾಗಲೇ ಎರಡು ಸಂಬಂಧ ತಪ್ಪಿದ್ದವು. ಇದಾದರೂ ಕೂಡಿಬರಲಿ ಎಂಬ ಆಸೆ ನನಗೆ.

“ಸಾಧು?” ಪಕ್ಕದ ಮನೆಯ ಕಮಲಾಬಾಯಿ ಸೆರಗಿಗೆ ಕೈ ಒರೆಸುತ್ತ ಹೊರಬಂದಳು. “ವೈನಿ, ವಯಸ್ಸಾದವ್ರ ಮುಂದ ಸುಳ್ಳ ಹೇಳಬ್ಯಾಡ್ರಿ. ಬಜಾರಿ ಅದಾಳ, ಬಜಾರಿ!”

ಈ ಸಂಬಂಧವೂ ತಪ್ಪಿತೆಂದುಕೊಂಡೆ. ಇಂದುಬಾಯಿ ಮಾತ್ರ ಎಲೆಗೆ ಸುಣ್ಣ ಸವರುತ್ತ ನಿಧಾನವಾಗಿ ಕೇಳಿದಳು: “ಬಜಾರಿ ಅಂದ್ರ ಏನ್ ಮಾಡಿದ್ಲು? ಅದನ್ನ ಹೇಳವ್ವ.”

“ನಳದಾಗ ನನ್ನ ಕೊಡ ಎತ್ತಿ ಹಿಂದಕ್ಕಿಟ್ಲು. ನಾಕು ಮಂದಿ ಎದುರಿಗೆ!”

“ಯಾಕ?”

“ಪಾಳಿ ತಪ್ಪಿಸಿ ಒಂದೀಟು ಮುಂದ ಇಟ್ಟಿದ್ದೆ, ಅಷ್ಟ.”

“ಯಾರ ಮುಂದ?”

ಕಮಲಾಬಾಯಿಯ ದನಿ ಇಳಿಯಿತು. “ಆ ಮೂಲಿಮನಿ ಬಾಣಂತಿ ಮುಂದ.”

ನಾನು ನಗು ತಡೆದುಕೊಂಡೆ. ಮುದುಕಿ ನನ್ನತ್ತ ತಿರುಗಿದಳು. “ಸಾಧು ಅಂದಿ ನೀ. ಏನ್ ಮಾಡಿದ್ಲು ಅಂತ ಸಾಧು?”

ಎಷ್ಟು ಯೋಚಿಸಿದರೂ ನನಗೆ ಒಂದೂ ಸಂಗತಿ ನೆನಪಾಗಲಿಲ್ಲ.

ಅಷ್ಟರಲ್ಲಿ ಶೈಲಾಳೇ ಅವಲಕ್ಕಿ ಪೋಹೆಯ ತಾಟು ಹಿಡಿದು ಬಂದಳು. ಎದುರುಮನೆಗೆ ಎಲ್ಲವೂ ಕೇಳಿಸಿತ್ತು.

“ಕೊಡ ಎತ್ತಿಟ್ಟದ್ದು ಖರೆ, ಆಜಿ,” ಎಂದಳು. “ಆಮ್ಯಾಲೆ ಅದನ್ನ ತುಂಬಿಸಿ ಇವರ ಮನೀತನಕ ಹೊತ್ತಾಕೀನೂ ನಾನ. ಇವರಿಗೆ ಟೊಂಕ ನೋವು. ಅದನ್ನ ಹೇಳಲಿಲ್ಲೇನ್ರಿ ಕಾಕೂ?”

“ಹೇಳಾಕ ಹೊಂಟಿದ್ದೆ. ನೀನ ನಡುವ ಬಾಯಿ ಹಾಕಿದಿ,” ಎಂದು ಕಮಲಾಬಾಯಿ ನಕ್ಕೇಬಿಟ್ಟಳು.

ಶೈಲಾ ತಾಟನ್ನು ಮುದುಕಿಯ ಮುಂದಿಟ್ಟು ಕುಳಿತಳು. “ಈಗ ನಾ ಕೇಳ್ತೀನ್ರಿ. ನಿಮ್ಮ ಮೊಮ್ಮಗ ಹ್ಯಾಂಗದಾರ?”

“ಅಂವಾ? ನಾಚಿಕಿ ಸ್ವಭಾವ.”

“ಅಂದ್ರ ಏನ್ ಮಾಡ್ಯಾರ?”

ಮುದುಕಿ ಸೋತವಳಂತೆ ಹಣೆ ಚಚ್ಚಿಕೊಂಡಳು. “ಏನ್ ಹೇಳಲೆವ್ವ! ನನ್ನ ಜೋಡಿನ ಬಂದಾನ. ಹುಡುಗೀ ಮನಿ ಹತ್ತಿರ ಬಂತು ಅನ್ನೂದ್ರಾಗ ಕಾಲ ಏಳವಲ್ವು. ಬಸ್ ಸ್ಟ್ಯಾಂಡಿನಾಗ ಕುಂತಾನ.”

“ಬಿಸಲಾಗ? ಉಪಾಸ?” ಶೈಲಾ ಎದ್ದು ಅಪ್ಪನನ್ನು ಕೂಗಿಯೇಬಿಟ್ಟಳು. “ಬಾಬಾ! ಸೈಕಲ್ ತಗೀರಿ. ಆ ಮನಶ್ಯಾನ್ನ ಕರ್ಕೊಂಡ ಬರ್ರಿ ಮೊದ್ಲ!”

ಅವಳ ಕೂಗಿಗೆ ಇಡೀ ಚಾಳು ಹೊರಗೆ ಇಣುಕಿತು. ಇಂದುಬಾಯಿ ತೃಪ್ತಿಯಿಂದ ಪೋಹೆಗೆ ಲಿಂಬೆ ಹಿಂಡಿಕೊಂಡು, “ನಮ್ಮ ಮನ್ಯಾಗ ಇಂಥದೊಂದು ದನಿ ಬೇಕಾಗಿತ್ತು,” ಎಂದಳು.

ನಿವೃತ್ತಿ ತಲೆ ತಗ್ಗಿಸಿಕೊಂಡೇ ಬಂದ. ಅವರಿಬ್ಬರನ್ನು ಕಟ್ಟೆಯ ಮೇಲೆ ಬಿಟ್ಟು ನಾವೆಲ್ಲ ಒಳಗೆ ಹೋದೆವು. ಬಹಳ ಹೊತ್ತು ಶೈಲಾಳ ದನಿಯೊಂದೇ ಕೇಳುತ್ತಿತ್ತು. ನಾನು ಚಹಾ ಸೋಸುವ ಹೊತ್ತಿಗೆ ಮೆಲ್ಲಗೆ ಅವನದೂ ಕೇಳತೊಡಗಿತು.