ಖಾಲಿ ಬೇಸ್‌ಗೆ ಎಸೆತ

ಬೇಸ್‌ಬಾಲಿನಲ್ಲಿ ಕಳ್ಳತನ ತಪ್ಪಲ್ಲ. ಮೊದಲನೇ ಬೇಸಿನಲ್ಲಿ, ಅಂದರೆ ಓಡುವವನು ಮುಟ್ಟಿ ನಿಲ್ಲಬೇಕಾದ ಬಿಳಿ ಮಣೆಯಲ್ಲಿ, ನಿಂತ ಎದುರಾಳಿ, ನಮ್ಮ ಪಿಚರ್ ಚೆಂಡೆಸೆಯಲು ಕಾಲೆತ್ತಿದ ಕೂಡಲೇ ಎರಡನೇ ಬೇಸ್‌ಗೆ ಓಟ ಕೀಳಬಹುದು. ಅದಕ್ಕೆ ಬೇಸ್ ಕದಿಯುವುದು ಅನ್ನುತ್ತಾರೆ. ಅವನನ್ನು ಹಿಡಿಯುವ ಕೆಲಸ ಕ್ಯಾಚರ್‌ನದು, ಅಂದರೆ ನನ್ನದು. ಬ್ಯಾಟಿನವನ ಹಿಂದೆ ಮುಖವಾಡ ತೊಟ್ಟು ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದು, ಎದ್ದು, ಪಿಚರ್‌ನ ತಲೆಯ ಮೇಲಿಂದ ಎರಡನೇ ಬೇಸ್‌ಗೆ ಎಸೆಯಬೇಕು. ಕಳ್ಳ ಬೇಸ್ ಮುಟ್ಟುವ ಮೊದಲು ನಮ್ಮವನೊಬ್ಬ ಆ ಚೆಂಡನ್ನು ಹಿಡಿದು ಅವನ ಮೈಗೆ ತಾಗಿಸಿದರೆ ಅವನು ಔಟ್. ಎರಡು ಸೆಕೆಂಡಿನ ಕೆಲಸ.

ಇದರಲ್ಲೊಂದು ಕಷ್ಟವಿದೆ. ನಾನು ಎಸೆಯುವಾಗ ಆ ಬೇಸಿನಲ್ಲಿ ನಮ್ಮವರು ಯಾರೂ ಇರುವುದಿಲ್ಲ. ಅದನ್ನು ಕಾಯುವವನು ಹತ್ತು ಹೆಜ್ಜೆ ಆಚೆ ನಿಂತಿರುತ್ತಾನೆ. ಕಳ್ಳ ಓಡಿದಾಗ ಅವನೂ ಓಡಿ ಬರಬೇಕು. ಅವನು ಬಂದು ನಿಂತದ್ದನ್ನು ನೋಡಿ ಎಸೆದರೆ ಹೊತ್ತು ಮೀರಿರುತ್ತದೆ.

ಹನ್ನೊಂದು ವರ್ಷ ಅಲ್ಲಿಗೆ ಓಡಿ ಬರುತ್ತಿದ್ದವನು ನನ್ನ ಭಾವ, ಹೆಂಡತಿಯ ಅಣ್ಣ. ನೋಡುವ ಗೊಡವೆಯೇ ಇರಲಿಲ್ಲ. ಎಸೆಯುತ್ತಿದ್ದೆ, ಅವನಿರುತ್ತಿದ್ದ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ಭಾವ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ. ಹೋಗುವಾಗ "ಫೋನ್ ಮಾಡ್ತಿರು" ಅಂದ. ನಾನೂ ಅದನ್ನೇ ಅಂದೆ. ಇಬ್ಬರೂ ಮಾಡಲಿಲ್ಲ.

ನನ್ನ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಯಂತ್ರಗಳ ಗದ್ದಲದಲ್ಲಿ ಕೈಸನ್ನೆಯಲ್ಲೇ ದಿನ ಮುಗಿಯುತ್ತದೆ. ಮನೆಗೆ ಬಂದರೆ ಗದ್ದಲವಿಲ್ಲ, ಸನ್ನೆ ಮಾಡಲು ಜನರೂ ಇಲ್ಲ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಈ ಮೈದಾನದಲ್ಲಿ ಬಾಯಿ ಬಿಟ್ಟು ಮಾತಾಡುತ್ತೇನೆ, ಬೈಸಿಕೊಳ್ಳುತ್ತೇನೆ.

ಆ ಶನಿವಾರ ಅಂಚೆ ಕಚೇರಿ ತಂಡದವರು ಅರ್ಧ ಆಟದೊಳಗೆ ನಮ್ಮಿಂದ ಮೂರು ಬೇಸ್ ಕದ್ದರು. ಮೂರನ್ನೂ ಕದ್ದವನು ಒಬ್ಬನೇ, ಒಣಕಲು ದೇಹದ ಒಬ್ಬ ಟಪಾಲಿನವನು.

ನಮ್ಮ ಕೋಚ್ ವೃತ್ತಿಯಲ್ಲಿ ಪ್ಲಂಬರ್. ಸೋರುವುದನ್ನು ಕಂಡು ಸುಮ್ಮನಿರುವವರಲ್ಲ.

"ಅಲ್ಲಯ್ಯಾ, ಚೆಂಡು ಹಿಡ್ಕೊಂಡು ಮುಹೂರ್ತ ನೋಡ್ತೀಯಾ?"

"ಕೈ ಸ್ವಲ್ಪ ಹಿಡ್ಕೊಂಡಿದೆ ಸರ್."

"ಕೈ ಅಲ್ಲ, ತಲೆ ಹಿಡ್ಕೊಂಡಿದೆ. ಇನ್ನೊಂದು ಬೇಸ್ ಹೋದ್ರೆ ಆ ಮುಖವಾಡ ಬಿಚ್ಚಿ ಕೊಡು. ಮುಂದಿನ ವಾರದಿಂದ ಬರೋದೂ ಬೇಡ, ರೆಸ್ಟ್ ತಗೋ."

ರೆಸ್ಟ್! ಮನೆಯಲ್ಲಿ ಅದೊಂದಕ್ಕೆ ಬರವಿಲ್ಲ.

ಬೆಂಚಿನಲ್ಲಿ ಪಕ್ಕಕ್ಕೆ ಬೇಕರಿಯವನು ಬಂದು ಕೂತ. ಭಾವನ ಜಾಗಕ್ಕೆ ಬಂದವನು ಇವನೇ. ಹತ್ತು ತಿಂಗಳಾದರೂ ನಾನು ಅವನೊಡನೆ ಹತ್ತು ಮಾತಾಡಿರಲಿಲ್ಲ.

"ಅಣ್ಣಾ, ಒಂದು ಕೇಳ್ಲಾ? ನನ್ನ ಮುಖ ಅಷ್ಟು ಚೆನ್ನಾಗಿದೆಯಾ?"

"ಯಾಕೆ?"

"ಪ್ರತಿ ಸಲ ಅದನ್ನ ನೋಡಿದ ಮೇಲೇ ಎಸೀತೀರಲ್ಲ. ನಾನೇನು ಮದುವೆ ಹೆಣ್ಣಾ?"

ನಗು ಬಂತು, ನಗಲಿಲ್ಲ. "ನೀನು ಬರ್ತೀಯೋ ಇಲ್ವೋ ಅಂತ ನನಗೇನು ಗೊತ್ತು?"

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮಲ್ಲಿ ಹಿಟ್ಟು ಉಬ್ಬೋಕೆ ಮೊದಲೇ ಒಲೆ ಹಚ್ತೀವಿ. ಪೂರ್ತಿ ಉಬ್ಬಲಿ, ಆಮೇಲೆ ಹಚ್ಚೋಣ ಅಂತ ಕೂತ್ರೆ ಒಲೆ ಕಾಯೋಷ್ಟರಲ್ಲಿ ಹಿಟ್ಟು ಕುಸಿದು ಹೋಗುತ್ತೆ. ನೀವು ಎಸೀರಿ. ಬರೋದು ನನ್ನ ತಲೆನೋವು."

ಕೊನೆಯ ಸರದಿಯಲ್ಲಿ ಟಪಾಲಿನವನು ಮತ್ತೆ ಮೊದಲನೇ ಬೇಸ್‌ಗೆ ಬಂದ. ನನ್ನ ಕಡೆ ನೋಡಿ ಹಲ್ಲು ಕಿರಿದ. ಮನೆಯವರೇ ಬಾಗಿಲು ತೆಗೆದಿಟ್ಟಿದ್ದಾರೆ ಅನ್ನುವಂತಿತ್ತು ಆ ನಗು.

ಪಿಚರ್ ಕಾಲೆತ್ತಿದ. ಟಪಾಲಿನವನು ಓಟ ಕಿತ್ತ. ಚೆಂಡು ನನ್ನ ಗ್ಲೌಸಿಗೆ ಬಡಿಯಿತು. ಎದ್ದೆ. ಎದುರಿಗೆ ಬಿಳಿ ಬೇಸ್, ಸುತ್ತ ಕೆಂಪು ಮಣ್ಣು, ಯಾರೂ ಇಲ್ಲ. ಅವಳನ್ನು ಕಳೆದುಕೊಂಡು ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬಂದ ದಿನ ಬೀಗ ತೆಗೆದಾಗಲೂ ಎದುರಿಗೆ ಹೀಗೇ ಯಾರೂ ಇರಲಿಲ್ಲ.

ಎಸೆದೆ.

ಧೂಳೆದ್ದಿತು. ಧೂಳಿನೊಳಗಿಂದ ಬೇಕರಿಯವನ ಕೈ ಚೆಂಡನ್ನು ಎತ್ತಿ ತೋರಿಸಿತು. ಚೆಂಡು ಮೈಗೆ ತಾಗಿದ ಟಪಾಲಿನವನು ಬೇಸ್‌ಗೆ ಇನ್ನೂ ಒಂದು ಗೇಣಿರುವಲ್ಲೇ ಕೂತುಬಿಟ್ಟಿದ್ದ.

"ಔಟ್!" ಅಂದ ಅಂಪೈರ್.

ಕೋಚ್ ಮುಖವಾಡದ ಮಾತೆತ್ತಲಿಲ್ಲ. "ಇದನ್ನೇ ಮೊದಲು ಮಾಡೋಕೆ ಏನು ರೋಗ ನಿನಗೆ?" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಬೇಕರಿಯವನು ದೂರದಿಂದಲೇ ತನ್ನ ಕೆನ್ನೆಯ ಧೂಳು ಒರೆಸಿ, ಮದುವೆ ಹೆಣ್ಣಿನಂತೆ ತಲೆ ತಗ್ಗಿಸಿ ತೋರಿಸಿದ. ಈ ಸಲ ನಕ್ಕುಬಿಟ್ಟೆ.

ಸಂಜೆ ಮನೆಗೆ ಬಂದೆ. ಕೈಕಾಲು ತೊಳೆದು ಹೆಂಡತಿಯ ಕುರ್ಚಿಯ ಪಕ್ಕದ ನನ್ನ ಕುರ್ಚಿಯಲ್ಲಿ ಕೂತೆ. ಇವತ್ತಿನ ಔಟಿನ ಸುದ್ದಿ ಹೇಳಬೇಕಿತ್ತು. ಅದರ ಬೆಲೆ ಗೊತ್ತಿರುವವನು ಒಬ್ಬನೇ. ಹತ್ತು ತಿಂಗಳಿಂದ ಅವನೇ ಮೊದಲು ಫೋನ್ ಮಾಡಲಿ ಅಂತ ಕಾಯುತ್ತಿದ್ದೆ.

ಭಾವನ ನಂಬರ್ ಒತ್ತಿದೆ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಒಂದು ಗಳಿಗೆ ಬಿಟ್ಟು ಮತ್ತೆ ಒತ್ತಿದೆ.