ಮೊದಲ ಹಳ್ಳದ ಹೂಂ

ಕುರಿ ಕಾಯುವವರ ಮನೆಯಲ್ಲಿ ಒಂದು ನೇಮವಿದೆ. ಕತೆ ಹೇಳುವವನ ಎದುರು ಹೂಂ ಅನ್ನುವವನೊಬ್ಬ ಕೂತಿರಬೇಕು. ಅವನು ಹೂಂ ಅಂದರೆ ಕತೆ ಒಂದು ಹೆಜ್ಜೆ ಮುಂದೆ. ಅನ್ನದಿದ್ದರೆ ರಾಜನಿರಲಿ, ರಾಕ್ಷಸನಿರಲಿ, ಎತ್ತಿದ ಕಾಲು ಎತ್ತಿದಲ್ಲೇ. ಹೂಂ ಅನ್ನುವವನಿಗೆ ನಿದ್ದೆ ಹತ್ತಿದರೆ ಕತೆಯನ್ನು ಅಲ್ಲಿಗೇ ಕಟ್ಟಿಟ್ಟು ಮರುದಿನ ಅಲ್ಲಿಂದಲೇ ಬಿಚ್ಚುತ್ತಾರೆ. ಸಂತಪುರದ ಮಡೆಪ್ಪ ಇದನ್ನು ಕಲಿತದ್ದು ಅಜ್ಜನಿಂದ. “ಕೇಳದೆ ಹೂಂ ಅನಬಾರದು. ಅದು ದೇವರ ಮುಂದ ಸುಳ್ಳು ಆಣಿ ಮಾಡಿಧಾಂಗ,” ಎನ್ನುತ್ತಿದ್ದ ಅಜ್ಜ.

ಆ ನೇಮವನ್ನು ಮಡೆಪ್ಪ ಡ್ರಮ್ಮಿನ ಹಿಂದೆ ಕೂತ ಮೇಲೂ ಬಿಡಲಿಲ್ಲ. ನಲವತ್ತು ವರ್ಷದ ಹಿಂದೆ, ಬೀದರಿನ ಕಾಲೇಜಿನಲ್ಲಿ, ಭಾಲ್ಕಿಯ ಭಾಲಚಂದ್ರ ಎಲೆಕ್ಟ್ರಿಕ್ ಗಿಟಾರು ಹೊತ್ತು ಬಂದವನು, ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುತ್ತಿದ್ದ ಮಡೆಪ್ಪನನ್ನು ಎಳೆದು ಡ್ರಮ್ಮಿಗೆ ಕೂರಿಸಿದ್ದ. ಬೇಸ್ ಗಿಟಾರಿಗೆ ಮೈಲೂರಿನ ಮುನೀರೋದ್ದೀನ. ಮೂವರ ರಾಕ್ ಬ್ಯಾಂಡಿಗೆ ಆ ಸೀಮೆಯ ನದಿಯ ಹೆಸರೇ ಬಿತ್ತು: ಮಾಂಜ್ರಾ. ಎಲ್ಲಿ ನುಡಿಸಿದರೂ ಕೊನೆಯ ಹಾಡು ‘ಕರಿ ಕುರಿ’. ಕಳೆದುಹೋದ ಕುರಿಯನ್ನು ಹುಡುಕುತ್ತ ಕುರುಬನೊಬ್ಬ ಏಳು ಹಳ್ಳ ದಾಟುವ ಕತೆ ಅದು. ಒಂದು ಹಳ್ಳ ದಾಟಿಸಿ ಭಾಲಚಂದ್ರ ನಿಲ್ಲುತ್ತಿದ್ದ. ಮಡೆಪ್ಪ ಮೈಕಿನಲ್ಲಿ ಹೂಂ ಅನ್ನುತ್ತಿದ್ದ. ಆಮೇಲೆಯೇ ಡ್ರಮ್ಮು, ಬೇಸು, ಮುಂದಿನ ಹಳ್ಳ.

ಯುಗಾದಿಗೆ ಎಂಟು ದಿನವಿರುವಾಗ ಭಾಲಚಂದ್ರ ತೀರಿಕೊಂಡ. ಚಿತೆ ಉರಿಯುವ ತನಕ ನಿಂತಿದ್ದು ಮಡೆಪ್ಪ ಊರಿಗೆ ಬಂದ, ಮೈ ತೊಳೆದುಕೊಂಡ, ಎರಡು ರೊಟ್ಟಿ ಉಂಡ. ಅಳು ಬರಲಿಲ್ಲ. ರೊಟ್ಟಿಯ ರುಚಿಯೂ ತಿಳಿಯಲಿಲ್ಲ. ಅಂದಿನಿಂದ ಜನರ ಮಾತು ಗೋಡೆಯಾಚೆ ಯಾರೋ ಯಾರಿಗೋ ಹೇಳುತ್ತಿರುವಂತೆ ಬರುತ್ತಿತ್ತು. ಬೆಳಿಗ್ಗೆ ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡು, ಬೆರಳು ಹಣೆಗೆ ಮುಟ್ಟಿತೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಅರಿಸಿನ ಇರುತ್ತಿತ್ತು.

ಹೀಗಿರುವಾಗ ಹಾಡು ಮುದ್ರಿಸುವ ಅಮಿತಕುಮಾರ ಬಂದ. ಮಾಂಜ್ರಾದ ಜನ ಮೆಚ್ಚಿದ ಎಂಟು ಹಾಡು ಬೀದರಿನಲ್ಲಿ ಜನರೆದುರೇ ನುಡಿಸಬೇಕು, ಅದನ್ನೇ ರೆಕಾರ್ಡ್ ಮಾಡಿ ಆಲ್ಬಂ ತರಬೇಕು ಎಂದ. ಏಳನ್ನು ಮುನೀರೋದ್ದೀನ ಹಾಡುವುದು. ಎಂಟನೆಯ ‘ಕರಿ ಕುರಿ’ಗೆ ಹಳೆಯ ಕ್ಯಾಸೆಟ್ಟಿನಿಂದ ಭಾಲಚಂದ್ರನ ದನಿಯನ್ನೇ ಬಿಡಿಸಿ ತಂದಿದ್ದ. ಬಿಡಿಸುವಾಗ ಮಡೆಪ್ಪನ ಹೂಂ ಅಳಿಸಿಹೋಗಿತ್ತು. “ಅದನ್ನ ನೀವು ಅಲ್ಲೇ ಅನ್ರಿ ಸರ್. ಹೂಂ ಇಲ್ದಿದ್ರ ಈ ಹಾಡು ಆಲ್ಬಂದಾಗ ಹಾಕಾಕ ಬರಂಗಿಲ್ಲ.”

ಭಾಲಚಂದ್ರನ ಹೆಂಡತಿ ಕಾವೇರಿಬಾಯಿ ಫೋನಿನಲ್ಲಿ ಕೇಳಿದ್ದೂ ಅದೊಂದೇ. “ಭಾವೋಜಿ, ಬಾಕಿ ಏಳು ಇರ್ಲಿ ಬಿಡ್ಲಿ. ಅದೊಂದು ಇರ್ಬೇಕ್ರಿ. ಮೊನ್ನಿ ಹುಟ್ಟಿದ ಮೊಮ್ಮಗಳು ಅವರ ದನಿ ಕೇಳೇ ಇಲ್ಲ.”

ಮುನೀರೋದ್ದೀನನ ಮಾಳಿಗೆಯ ಕೋಣೆಯಲ್ಲಿ ತಾಲೀಮು ನಡೆಯಿತು. ಭಾಲಚಂದ್ರನ ದನಿ ಮೊದಲ ಹಳ್ಳ ದಾಟಿ ನಿಂತಿತು. ಮಡೆಪ್ಪ ಬಾಯಿ ತೆರೆದ. ಏನೂ ಬರಲಿಲ್ಲ.

“ಯಾಕೋ ಮಡ್ಯಾ,” ಅಂದ ಮುನೀರೋದ್ದೀನ, “ನಲವತ್ತು ವರ್ಷ ಹೂಂ ಅಂದೇ ಹೊಟ್ಟಿ ತುಂಬಿಸ್ಕೊಂಡಿ. ಈಗ ರೋಜಾ ಹಿಡದೀಯೇನು?”

“ಕೇಳಸವಲ್ದು.”

“ಮಸೀದಿ ತನಕ ಕೇಳಸ್ಲತದ, ನಿನಗ ಕೇಳಸವಲ್ದಾ?”

“ಕಿವಿಗಿ ಬರ್ತದ. ಒಳಗ ಇಳಿಯವಲ್ದು. ಸುಳ್ಳು ಹೂಂ ಹ್ಯಾಂಗ ಅನ್ಲಿ?”

ಅಮಿತಕುಮಾರ ನಡುವೆ ಬಾಯಿ ಹಾಕಿದ. “ಒಂದ್ಸಲ ಅಂದ್ರ ಸಾಕ್ರಿ ಸರ್. ಅದನ್ನೇ ಏಳೂ ಕಡಿ ಕೂಡಸ್ತೇನಿ.”

“ಇವರ ಅಜ್ಜ ಇದ್ದಿದ್ರ ನಿನ್ನ ಮ್ಯಾಲ ನಾಯಿ ಬಿಡ್ತಿದ್ದ ಬೇಟಾ,” ಎಂದು ಮುನೀರೋದ್ದೀನ ತಂತಿ ಬಿಗಿ ಮಾಡತೊಡಗಿದ.

ಕಾರ್ಯಕ್ರಮಕ್ಕೆ ಔರಾದದಿಂದ, ಭಾಲ್ಕಿಯಿಂದ ತಲೆ ನರೆತವರು ಜೀಪು ಮಾಡಿಕೊಂಡು ಬಂದಿದ್ದರು. ಏಳು ಹಾಡು ಮುಗಿದವು. ಮನೆಯ ದಾರಿ ಬಲ್ಲ ಎತ್ತುಗಳಂತೆ ಮಡೆಪ್ಪನ ಕೈಗಳು ತಮ್ಮಷ್ಟಕ್ಕೆ ನಡೆದುಬಂದವು. ಜನ ಚಪ್ಪಾಳೆ ತಟ್ಟುವುದು ಕಂಡಿತು.

ಎಂಟನೆಯದಕ್ಕೆ ನಡುವಿನ ಮೈಕು ಖಾಲಿ. ಭಾಲಚಂದ್ರನ ದನಿ ಬಂತು, ಮೊದಲ ಹಳ್ಳ ದಾಟಿತು, ನಿಂತಿತು.

ಮಡೆಪ್ಪನ ಹೂಂ ಬರಲಿಲ್ಲ. ಹಾಡುತ್ತಿರುವುದು ಯಂತ್ರ, ಯಾರಿಗೂ ಕಾಯುವುದಿಲ್ಲ ಎಂದು ಮುನೀರೋದ್ದೀನನಿಗೆ ಗೊತ್ತಿತ್ತು. ಆದರೂ ನಲವತ್ತು ವರ್ಷದ ರೂಢಿ, ಬೆರಳುಗಳು ತಂತಿಯ ಮೇಲೆಯೇ ಕಾದು ನಿಂತವು. ಯಂತ್ರಕ್ಕೆ ಯಾವ ನೇಮ? ದನಿಯೊಂದೇ, ತಾಳವಿಲ್ಲದೆ, ಎರಡನೆಯ ಹಳ್ಳಕ್ಕೆ ಇಳಿಯಿತು. ದಾಟಿ ಮತ್ತೆ ನಿಂತಿತು.

“ಹೂಂ.”

ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಕಾವೇರಿಬಾಯಿ. ಜೋರಾಗಿ ಅಲ್ಲ, ಅಡಿಗೆಮನೆಯಿಂದ ಅಂದ ಹಾಗೆ. ಮಡೆಪ್ಪನ ಕೈಗಳು ಎದ್ದವು. ಬೇಸು ಕೂಡಿತು. ಮೂರನೆಯದಕ್ಕೂ ಆಕೆಯೇ, ನಾಲ್ಕನೆಯದಕ್ಕೂ ಆಕೆಯೇ. ಆರನೆಯದಕ್ಕೆ ಆಕೆಯ ದನಿ ಎಳೆಯಷ್ಟಾಗಿತ್ತು. ಏಳನೆಯದಕ್ಕೆ ಯಾರೂ ಅನ್ನಲಿಲ್ಲ.

ಮುಗಿದ ಮೇಲೆ ಮಡೆಪ್ಪ ಕೆಳಗಿಳಿದು ಆಕೆಯೆದುರು ಕೈಮುಗಿದ. “ನನ್ನಿಂದ ಆಗಲಿಲ್ಲ ವೈನಿ.”

“ಮನಿಯೊಳಗ ಎಂದೂ ಅವರ ಮಾತಿಗಿ ಹೂಂ ಅಂದಾಕಿ ಅಲ್ರಿ ನಾ,” ಅಂದಳು ಕಾವೇರಿಬಾಯಿ. “ಹೋದ ಮ್ಯಾಲ ಅನ್ನೂದಾತು.”

ಎರಡು ತಿಂಗಳಿಗೆ ಆಲ್ಬಂ ಫೋನಿಗೇ ಬಂತು. ‘ಕರಿ ಕುರಿ’ ಇತ್ತು. ಅಮಿತಕುಮಾರ ಏನನ್ನೂ ಕೂಡಿಸಿರಲಿಲ್ಲ, ಕಳೆದಿರಲಿಲ್ಲ. ಸಂತಪುರದಲ್ಲಿ ಮಧ್ಯಾಹ್ನ ಮಡೆಪ್ಪನ ಹೆಂಡತಿ ಭೀಮಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, ಫೋನನ್ನು ತಂಬಿಗೆಗೆ ಆನಿಸಿಟ್ಟು ಹಾಡು ಹಚ್ಚಿದಳು. ಕುರುಬ ಮೊದಲ ಹಳ್ಳ ದಾಟಿ ನಿಂತ. ಭೀಮಬಾಯಿ ಬೆರಳೊತ್ತಿ ಫೋನು ನಿಲ್ಲಿಸಿದಳು.

“ಯಾಕ ನಿಲ್ಲಿಸ್ದಿ?” ಪಕ್ಕದಲ್ಲಿ ಕೂತಿದ್ದ ಮಡೆಪ್ಪ ಕೇಳಿದ.

“ಯಾರೂ ಹೂಂ ಅನ್ಲಿಲ್ಲಲ್ರಿ.”

“ಮುಂದ ಕಾವೇರಿಬಾಯಿ ಅಂತಾಳ.”

“ಅದು ಮುಂದಿಂದು. ಇದು ನಿಮ್ಮದು.”

ಮಡೆಪ್ಪ ನೆಲದೊಳಗಿನ ಹಗೇವಿನ ಬಾಯಿ ತೆಗೆದು ಕಾಳು ಉಳಿದಾವೇನೋ ಎಂದು ಬಗ್ಗಿ ನೋಡುವವನಂತೆ ತನ್ನೊಳಗೆ ನೋಡಿಕೊಂಡ. ಕತ್ತಲು ಕಂಡಿತು. “ಇವತ್ತು ಆಗಂಗಿಲ್ಲ.”

“ಆಗದಿದ್ರ ಬಿಡ್ರಿ. ಕತಿ ಎಲ್ಲಿ ಹೋಗ್ತದ? ನಾಳಿಗಿ ಇಲ್ಲಿಂದೇ ಹಚ್ಚೂಣು.”

ಅವಳು ಫೋನನ್ನು ಒರೆಸಿ, ಗೋಡೆಯ ಗೂಡಿನಲ್ಲಿ ಭಂಡಾರದ ಬಟ್ಟಲಿನ ಪಕ್ಕ ಇಟ್ಟಳು. ಕುರುಬ ಒದ್ದೆಗಾಲಲ್ಲಿ ಮೊದಲ ಹಳ್ಳದ ಆಚೆ ದಂಡೆಯಲ್ಲೇ ನಿಂತ. ಮಡೆಪ್ಪ ಎದ್ದು ಕುರಿಗಳಿಗೆ ನೀರು ತೋರಿಸಲು ಹೋದ.